ಹೊಸ ಮಾಡೆಲ್ ಬರುವ ತನಕ

"ಕಾಣಲ್ಲ ಅಂದ್ರೇನು? ಇಷ್ಟು ದೊಡ್ಡ ಕಲೆ ಕಾಣಲ್ವಾ ನಿಮಗೆ?"

ಅವಳ ದನಿಗೆ ಕ್ಯಾಮೆರಾ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೌಂಟರ್‌ನ ಆಚೆ ನಿಂತಿದ್ದ ರಿಪೇರಿಯವನು ಮಾತ್ರ ಗಡಿಬಿಡಿ ಮಾಡಿಕೊಳ್ಳಲಿಲ್ಲ. ಅವಳ ಕ್ಯಾಮೆರಾವನ್ನು ಕಣ್ಣಿಗೆ ಒತ್ತಿಕೊಂಡು ಬಾಗಿಲಿನತ್ತ ತಿರುಗಿಸಿದ, ದೀಪದತ್ತ ತಿರುಗಿಸಿದ, ಕೊನೆಗೆ ಅವಳತ್ತಲೇ ತಿರುಗಿಸಿ ನಿಂತ.

"ಎಲ್ಲಿದೆ ಅಂದ್ರಿ?"

"ಮೇಲೆ, ಮೂಲೆಯಲ್ಲಿ. ಮಸಿ ಬಳಿದ ಹಾಗೆ. ಹೋದ ವಾರ ನೀವು ಇದನ್ನ ಬಿಚ್ಚಿ ಜೋಡಿಸಿದ ಮೇಲೇ ಶುರುವಾಗಿದ್ದು!"

"ನನಗೆ ಕಾಣ್ತಿರೋದು ನಿಮ್ಮ ಮುಖ ಒಂದೇ. ಅದರಲ್ಲಿ ಕಲೆ ಏನೂ ಇಲ್ಲ. ಕೋಪ ಇದೆ."

ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿ ಕೆಂಪಾಯಿತು.

'ಎಷ್ಟು ಸೊಕ್ಕು ಇವನಿಗೆ!' ಅಂದುಕೊಂಡಳು. ಆದರೂ ಕ್ಯಾಮೆರಾದ ಹಿಂದಿನಿಂದ ಹೊರಬಂದ ಆ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದಳು.

ನಾಟಕ, ನೃತ್ಯಗಳ ಫೋಟೋ ತೆಗೆಯುವುದು ಅವಳ ಕೆಲಸ. ಕತ್ತಲ ಸಭಾಂಗಣದಲ್ಲಿ, ಒಂದೇ ಒಂದು ದೀಪದ ಬೆಳಕಲ್ಲಿ, ನಟಿಯ ಕಣ್ಣಂಚಿನಲ್ಲಿ ನೀರು ತುಂಬಿ ಇನ್ನೇನು ಬೀಳಬೇಕು ಅನ್ನುವ ಕ್ಷಣವನ್ನು ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ. ಚಿಕ್ಕಂದಿನಿಂದ ಮೂಗಿನ ಮೇಲೆ ಕೂತ ದಪ್ಪ ಕನ್ನಡಕ ಆ ಕೆಲಸಕ್ಕೆ ಎಂದೂ ಅಡ್ಡ ಬಂದಿರಲಿಲ್ಲ.

ವಿಚಿತ್ರವೆಂದರೆ, ತೆಗೆದ ಫೋಟೋಗಳಲ್ಲಿ ಕಲೆ ಇರಲಿಲ್ಲ. ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟಾಗ ಮಾತ್ರ ಕಾಣುತ್ತಿತ್ತು.

"ಹಾಗಾದ್ರೆ ಕಿಂಡಿಯ ಗಾಜಿನಲ್ಲೇ ಏನೋ ಇದೆ. ಬಿಟ್ಟು ಹೋಗಿ, ನೋಡ್ತೀನಿ," ಅಂದ ಅವನು.

ಮರುದಿನ ಹೋದಾಗ ಕ್ಯಾಮೆರಾ ಪಳಪಳ ಹೊಳೆಯುತ್ತಿತ್ತು. ಅವಳು ಆಸೆಯಿಂದ ಕಣ್ಣಿಟ್ಟಳು.

ಕಲೆ ಅಲ್ಲೇ ಇತ್ತು.

"ಹೋಗ್ಲಿ ಬಿಡಿ, ಇದಕ್ಕೆ ವಯಸ್ಸಾಯ್ತು. ಆ ಗಾಜಿನ ಬೀರುವಿನಲ್ಲಿ ಇರೋದನ್ನ ತೆಗೀರಿ. ಹೊಸದೇ ತಗೋತೀನಿ."

ಅಂಗಡಿಯ ಯಜಮಾನರು ಬೀಗದ ಕೈ ಹಿಡಿದು ಎದ್ದೇಬಿಟ್ಟರು. ಆದರೆ ಅವನು ಅಡ್ಡ ಬಂದ.

"ಈಗ ಬೇಡ. ಇದರ ಮುಂದಿನ ಮಾಡೆಲ್ ಬರ್ತಿದೆ. ಕತ್ತಲಲ್ಲಿ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಂತೆ, ಕಿಂಡಿನೂ ದೊಡ್ಡದಂತೆ. ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಇವತ್ತು ಇದನ್ನ ತಗೊಂಡ್ರೆ ಆಮೇಲೆ ಕೈ ಕೈ ಹಿಸುಕಿಕೊಳ್ತೀರಿ."

"ಅಲ್ಲಿ ತನಕ?"

"ಬೇಯೋ ತನಕ ಕಾದೋರು ಆರೋ ತನಕ ಕಾಯಬಾರದಾ? ಹಳೇದು ಇನ್ನೂ ಗಟ್ಟಿಮುಟ್ಟಾಗಿದೆ. ವಾರಕ್ಕೊಮ್ಮೆ ತನ್ನಿ, ನಾನೇ ನೋಡಿ ಕೊಡ್ತೀನಿ."

ಯಜಮಾನರು ಹಣೆ ಚಚ್ಚಿಕೊಂಡರು. "ಕೈಗೆ ಬಂದ ಗಿರಾಕಿನ ಬಾಗಿಲ ತನಕ ಬಿಟ್ಟು ಬರ್ತಾನಲ್ಲ ಇವನು!"

ಅವಳು ಕಾಯಲು ಒಪ್ಪಿದಳು. ಆ ಕ್ಷಣಕ್ಕೆ ಅದು ಬುದ್ಧಿವಂತಿಕೆಯ ಮಾತಾಗಿಯೇ ಕಂಡಿತು. ಅವನಿಗೂ ಹಾಗೆಯೇ ಅನಿಸಿತ್ತು... ಪಾಪ, ಇಬ್ಬರಿಗೂ ಗೊತ್ತಿರಲಿಲ್ಲ.

ಮನೆಯಲ್ಲಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಾರೋನೇ ತಗೋಬೇಡ ಅಂದ್ನಾ? ಅಯ್ಯೋ ಗುಬ್ಬೀ, ಅವನು ನಿನ್ನನ್ನ ಕಾಯಿಸ್ತಿರೋದು ಕ್ಯಾಮೆರಾಗಲ್ಲ ಕಣೆ!"

"ಸುಮ್ನಿರಕ್ಕ!" ಅಂದಳು. ಆದರೆ ಮರುವಾರ ಅಂಗಡಿಗೆ ಹೊರಡುವಾಗ ಕನ್ನಡಿಯ ಮುಂದೆ ಕೂದಲನ್ನು ಎರಡು ಸಲ ಬಾಚಿಕೊಂಡಳು.

ಅವನ ಕೆಲಸದ ಮೇಜಿನ ಪಕ್ಕ ಅವಳಿಗೊಂದು ಸ್ಟೂಲ್ ಬಂತು. ಕಣ್ಣಿಗೆ ಕಾಣದಷ್ಟು ಚಿಕ್ಕ ಸ್ಕ್ರೂಗಳನ್ನು ಅವನು ಚಿಮುಟದಲ್ಲಿ ಎತ್ತಿಡುವುದನ್ನು ನೋಡುತ್ತ ಕೂರುವಳು. ಅವಳು ತಂದ ಫೋಟೋಗಳನ್ನು ಅವನು ಒಂದೊಂದಾಗಿ, ಉಸಿರು ಬಿಗಿಹಿಡಿದು ನೋಡುವನು.

"ಈ ಅಜ್ಜನ ಪಾತ್ರಧಾರಿ ನಿಜವಾಗ್ಲೂ ಅಳ್ತಿದ್ದಾನಲ್ವಾ?"

"ನಿಮಗೆ ಹೇಗೆ ಗೊತ್ತಾಯ್ತು?"

"ಗಂಟಲು ನೋಡಿ. ನಾಟಕದ ಅಳು ಗಂಟಲ ತನಕ ಇಳಿಯಲ್ಲ."

ಯಾರೂ ಗಮನಿಸದಿದ್ದುದನ್ನು ಅವನು ಗಮನಿಸಿದ್ದ. ಅವಳ ಎದೆಯಲ್ಲಿ ಏನೋ ಮೆಲ್ಲಗೆ ಸಡಿಲವಾಯಿತು.

ಆದರೆ ಕಲೆ...

ಕಲೆ ಬೆಳೆಯುತ್ತಿತ್ತು.

ಮೊದಲು ಮೂಲೆಯಲ್ಲಿದ್ದದ್ದು ಈಗ ಮೇಲಂಚಿನುದ್ದಕ್ಕೂ ಹರಡಿತ್ತು. ಅವನು ಪ್ರತಿ ವಾರ ಒರೆಸುತ್ತಿದ್ದ, ಅವಳು ಪ್ರತಿ ವಾರ "ಈಗ ಪರವಾಗಿಲ್ಲ" ಎಂದು ಸುಳ್ಳು ಹೇಳುತ್ತಿದ್ದಳು. ಇದ್ದದ್ದನ್ನು ಹೇಳಿದರೆ 'ಹಾಗಾದ್ರೆ ಇನ್ನು ಕಾಯೋದು ಬೇಡ, ಬೇರೆ ತಗೊಳ್ಳಿ' ಅಂದಾನು. ಆಮೇಲೆ ಈ ಸ್ಟೂಲಿನ ಮೇಲೆ ಕೂರಲು ನೆಪವೇನು?

ಕೆಲವೊಮ್ಮೆ ದೀಪವಿಲ್ಲದ ಕೋಣೆಯಲ್ಲೂ ಬಲಗಣ್ಣಿನ ಅಂಚಿನಲ್ಲಿ ಮಿಂಚು ಹೊಡೆದಂತಾಗುತ್ತಿತ್ತು. ರಂಗದ ದೀಪಗಳನ್ನು ನೋಡಿ ನೋಡಿ ಹೀಗಾಗಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಒಂದು ಸಂಜೆ ಬಾಗಿಲ ಮೇಲ್ಚೌಕಟ್ಟಿಗೆ ಹಣೆ ಬಡಿಯಿತು. ಅಕ್ಕ ಅರಿಸಿನ ಹಚ್ಚುತ್ತ, "ಕಣ್ಣು ಎಲ್ಲಿಟ್ಟಿದ್ದೆ?" ಎಂದು ಗದರಿದಳು.

ಅವಳು ನಕ್ಕಳು. ನಗುವಿನ ಅಡಿಯಲ್ಲಿ ಏನೋ ತಣ್ಣಗೆ ಅಲುಗಾಡಿತು. ಅದನ್ನು ಅಲ್ಲೇ ಅದುಮಿಟ್ಟಳು.

ಅಷ್ಟರಲ್ಲೇ ದೊಡ್ಡ ನಾಟಕ ತಂಡವೊಂದರ ನಿರ್ದೇಶಕಿ ಅವಳನ್ನು ಕರೆಸಿದರು. ಹೊಸ ನಾಟಕದ ತಾಲೀಮಿನಿಂದ ಹಿಡಿದು ಕೊನೆಯ ಪ್ರದರ್ಶನದ ತನಕ ಅವಳೇ ಫೋಟೋ ತೆಗೆಯಬೇಕು, ಪುಸ್ತಕವಾಗುತ್ತದೆ! ಇಷ್ಟು ವರ್ಷ ಕಂಡ ಕನಸು.

ಅದೇ ವಾರ ಅವನ ಫೋನ್ ಬಂತು. "ಬೇಗ ಬನ್ನಿ! ಹೊಸ ಮಾಡೆಲ್ ಒಂದನ್ನ ತೋರಿಸೋಕೆ ಕಂಪನಿಯವರು ಕಳಿಸಿದ್ದಾರೆ. ಇವತ್ತೊಂದೇ ದಿನ ಇರುತ್ತೆ. ಇನ್ನೂ ಯಾರ ಕೈಗೂ ಕೊಟ್ಟಿಲ್ಲ, ಮೊದಲು ನೀವೇ ನೋಡಬೇಕು."

ಅವಳು ಓಡಿಕೊಂಡೇ ಹೋದಳು.

ಅವನು ಕೈ ಒರೆಸಿಕೊಂಡು, ಮಗುವನ್ನು ಎತ್ತಿ ಕೊಡುವ ಹಾಗೆ ಕ್ಯಾಮೆರಾವನ್ನು ಅವಳ ಕೈಗಿಟ್ಟ. ಮುಖದ ತುಂಬ ನಗು. ಅವಳು ಕಣ್ಣಿಗೆ ಏರಿಸಿದಳು.

ಒಂದು ಕ್ಷಣ. ಎರಡು ಕ್ಷಣ.

"ಹೇಗಿದೆ?"

ಅವಳು ಕ್ಯಾಮೆರಾ ಕೆಳಗಿಳಿಸಿ, ಕಿಂಡಿಯನ್ನು ಸೆರಗಿನ ತುದಿಯಿಂದ ಒರೆಸಿ, ಮತ್ತೆ ಕಣ್ಣಿಟ್ಟಳು.

"ಇದರಲ್ಲೂ... ಇದರಲ್ಲೂ ಇದೆಯಲ್ಲ!"

ಅವನ ನಗು ನಿಧಾನವಾಗಿ ಆರಿಹೋಯಿತು. ಕ್ಯಾಮೆರಾ ತೆಗೆದುಕೊಂಡು ತಾನೂ ನೋಡಿದ. ಹೊಚ್ಚ ಹೊಸ ಗಾಜು, ಕನ್ನಡಿಯಷ್ಟು ಶುಭ್ರ. ಅವನ ಮುಖ ಬಿಳಿಚಿಕೊಳ್ಳುವುದನ್ನು ಅವಳು ಕಂಡಳು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ನನ್ನ ನೋಡಿ."

"ಯಾಕೆ?"

"ಕ್ಯಾಮೆರಾ ಇಲ್ಲದೆ ನೋಡಿ. ದಯವಿಟ್ಟು."

"ಬೇಡ!" ಅವಳು ಚೀರಿದಳು. ಇಷ್ಟು ದಿನ ಅದುಮಿಟ್ಟಿದ್ದು ಗಂಟಲಿಗೆ ಬಂದಿತ್ತು. "ಏನು ಹೇಳ್ತಿದ್ದೀರಿ ನೀವು? ನನ್ನ ಕಣ್ಣು ಸರಿಯಿಲ್ಲ ಅಂತಾನಾ? ನನ್ನ ಕೆಲಸಾನೇ ಕಣ್ಣಿನದು!"

"ಅದಕ್ಕೇ ಹೇಳ್ತಿರೋದು. ಈಗಲೇ ಡಾಕ್ಟರ್ ಹತ್ರ ಹೋಗೋಣ. ನಾನೂ ಬರ್ತೀನಿ..."

"ಕಾಯಿರಿ ಕಾಯಿರಿ ಅಂತ ಇಷ್ಟು ದಿನ ಕಾಯಿಸಿದ್ದು ಯಾರು? ಈಗ ತಪ್ಪು ನನ್ನ ಕಣ್ಣಿನದಾ?"

ಆ ಮಾತು ಅವನಿಗೆ ಎಲ್ಲಿ ನಾಟಿತು ಎಂದು ನೋಡಲೂ ನಿಲ್ಲದೆ ಅವಳು ಹೊರಗೆ ನಡೆದಳು.

ಮರುದಿನ ಬೆಳಗ್ಗೆ ನಿರ್ದೇಶಕಿಯ ಕರೆ ಬಂತು. "ಈ ನಾಟಕಕ್ಕೆ ಬೇರೆಯವರನ್ನ ನೋಡ್ತೀವಮ್ಮ. ನಿನ್ನ ಕಣ್ಣಿನ ವಿಷಯ ಗೊತ್ತಾಯ್ತು. ಕತ್ತಲಲ್ಲಿ ವೇದಿಕೆ ಅಂಚಿನಿಂದ ಬಿದ್ದುಗಿದ್ದೀಯ. ಮೊದಲು ಹುಷಾರಾಗು."

ಫೋನ್ ಕೈಯಲ್ಲೇ ಉಳಿಯಿತು. ಆ ವಿಷಯ ಗೊತ್ತಿದ್ದದ್ದು ಪ್ರಪಂಚದಲ್ಲಿ ಒಬ್ಬನಿಗೆ ಮಾತ್ರ. ನಿರ್ದೇಶಕಿ ಅವನ ಅಂಗಡಿಯ ಹಳೆಯ ಗಿರಾಕಿ ಬೇರೆ!

ಅವಳು ಅಂಗಡಿಗೆ ನುಗ್ಗಿದಾಗ ಅವನು ಗಿರಾಕಿಯೊಬ್ಬರಿಗೆ ಏನೋ ವಿವರಿಸುತ್ತಿದ್ದ.

"ನೀವೇ ಹೇಳಿದ್ದಾ?"

ಅವನು ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ... ಮುಚ್ಚಿದ.

"ಹೇಳಿ! ನನ್ನ ಅನ್ನ ಕಿತ್ಕೊಂಡಿದ್ದು ನೀವೇ ತಾನೇ?"

"ಹೌದು ಅಂತಾನೇ ಇಟ್ಕೊಳ್ಳಿ." ಅವನ ದನಿ ಒಡೆದಿತ್ತು. "ನನ್ನನ್ನ ಜನ್ಮಪೂರ್ತಿ ಬಯ್ಯಿರಿ. ಆದರೆ ಇವತ್ತೇ ಅಕ್ಕನ ಜೊತೆ ಆಸ್ಪತ್ರೆಗೆ ಹೋಗಿ. ಇನ್ನೊಂದು ದಿನವೂ ಬೇಡ."

"ನಿಮ್ಮನ್ನ ನಂಬಿದ್ದೆ ನಾನು..." ಅಷ್ಟೇ ಹೇಳಲಾಯಿತು.

ಹೊರಗೆ ಸುಡು ಬಿಸಿಲು. ಬಸ್ ನಿಲ್ದಾಣದಲ್ಲಿ ಜನ ಕಿಕ್ಕಿರಿದಿದ್ದರು. ಕಣ್ಣೀರು ಒರೆಸಲು ಅವಳು ಕನ್ನಡಕ ತೆಗೆದು, ಅಂಗೈಯಿಂದ ಎಡಗಣ್ಣನ್ನು ಒತ್ತಿಕೊಂಡಳು. ಬಲಗಣ್ಣು ತೆರೆದೇ ಇತ್ತು.

ಕನ್ನಡಕವಿಲ್ಲದ್ದಕ್ಕೆ ಎಲ್ಲ ಮಸುಕು. ಆದರೆ ಅದು ಬರೀ ಮಸುಕಲ್ಲ.

ಎದುರಿಗೆ ನಿಂತವರ ಕಾಲುಗಳಿದ್ದವು, ಕೈಚೀಲಗಳಿದ್ದವು, ಸೊಂಟದ ತನಕ ಬಟ್ಟೆಯ ಬಣ್ಣಗಳಿದ್ದವು. ಅದರ ಮೇಲೆ ಯಾರಿಗೂ ತಲೆ ಇರಲಿಲ್ಲ.

ಅಲ್ಲಿ ಕಪ್ಪು ಇತ್ತು. ತಲೆಯಿಲ್ಲದ ಒಬ್ಬ ಹೆಂಗಸು ತಲೆಯಿಲ್ಲದ ಮಗುವಿನ ಕೈ ಹಿಡಿದು ಅವಳ ಮುಂದೆ ಹಾದುಹೋದಳು. ಮಗು ನಕ್ಕಿದ್ದು ಕೇಳಿಸಿತು.

ಅವಳು ಅಲ್ಲೇ ಕಲ್ಲುಬೆಂಚಿನ ಮೇಲೆ ಕುಸಿದಳು. ತಡಕಾಡಿ ಫೋನ್ ಒತ್ತಿದಳು.

"ಅಕ್ಕಾ... ಬಾ ಅಕ್ಕಾ. ನಂಗೆ ಯಾರ ಮುಖಾನೂ ಕಾಣ್ತಿಲ್ಲ."

ಆಸ್ಪತ್ರೆಯಲ್ಲಿ ವೈದ್ಯೆ ಬಹಳ ಹೊತ್ತು ಅವಳ ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು. "ಗೋಡೆಯಿಂದ ಸುಣ್ಣದ ಪದರ ಎದ್ದು ಬರುತ್ತಲ್ಲ, ಹಾಗೆ ಕಣ್ಣಿನ ಒಳಪದರ ಬಿಡ್ತಾ ಬಂದಿದೆ. ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆ ಕಣ್ಣು ಈ ಕಣ್ಣಿನ ತಪ್ಪನ್ನ ಮುಚ್ಚಿಹಾಕುತ್ತೆ. ಅದಕ್ಕೇ ಕ್ಯಾಮೆರಾದಲ್ಲಿ ಮಾತ್ರ ಕಂಡಿದೆ. ನಡುಭಾಗ ಇನ್ನೂ ಪೂರ್ತಿ ಬಿಟ್ಟಿಲ್ಲ, ಅದೇ ಪುಣ್ಯ. ಇವತ್ತೇ ಆಪರೇಷನ್ ಮಾಡ್ತೀವಿ."

"ಮೊದಲಿನ ಹಾಗೆ ಕಾಣುತ್ತಾ?"

ವೈದ್ಯೆ ಕೈಯಲ್ಲಿದ್ದ ದೀಪ ಆರಿಸಿದರು. "ಪ್ರಯತ್ನ ಮಾಡ್ತೀವಿ," ಅಂದರು.

ಆಪರೇಷನ್ ಕೋಣೆಯ ಹೊರಗೆ ಅಕ್ಕ ಅವಳ ಕೈ ಹಿಡಿದು ಬಿಕ್ಕಿದಳು.

"ಗುಬ್ಬೀ, ನಿರ್ದೇಶಕಿಗೆ ಹೇಳಿದ್ದು ನಾನು ಕಣೆ."

"ಏನು?"

"ನೀನು ಅಂಗಡಿಯಿಂದ ಸಿಟ್ಟು ಮಾಡ್ಕೊಂಡು ಹೋದ ಮೇಲೆ ರಿಪೇರಿ ಚೀಟಿಲಿದ್ದ ಮನೆ ನಂಬರ್ ಹುಡುಕಿ ಅವನು ನಂಗೆ ಫೋನ್ ಮಾಡಿದ. 'ನನ್ನ ಮಾತು ಕೇಳ್ತಿಲ್ಲ, ನೀವಾದ್ರೂ ಕರ್ಕೊಂಡು ಹೋಗಿ' ಅಂತ ಅತ್ತೇಬಿಟ್ಟ. ನೀನು ಬಾಗಿಲು ಹಾಕ್ಕೊಂಡು ಮಲಗಿಬಿಟ್ಟಿದ್ದೆ. ಬೆಳಗ್ಗೆ ತಾಲೀಮಿಗೆ ಹೋಗಿ ಎಲ್ಲಿ ಬಿದ್ದುಬಿಡ್ತೀಯೋ ಅಂತ ಹೆದರಿ ನಾನೇ ಆ ಅಮ್ಮನಿಗೆ ಹೇಳಿದೆ. ಅವನಿಗೂ ತಿಳಿಸಿದೆ. 'ನಿಮ್ಮ ಮೇಲಿನ ನಂಬಿಕೆ ಹೋದ್ರೆ ಅವರು ಯಾರ ಜೊತೆ ಆಸ್ಪತ್ರೆಗೆ ಹೋಗ್ತಾರೆ? ಬಯ್ಯೋದಾದ್ರೆ ನನ್ನನ್ನೇ ಬಯ್ಯಲಿ' ಅಂದ."

ಅವಳು ಏನನ್ನೋ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಗಾಲಿಮಂಚ ಚಲಿಸಿತು. ಚಾವಣಿಯ ದೀಪಗಳು ಒಂದೊಂದಾಗಿ ಬಂದು, ಬಲಗಣ್ಣಿನ ಕತ್ತಲಲ್ಲಿ ಮುಳುಗಿಹೋದವು.

ಆಪರೇಷನ್ ಮುಗಿಯಿತು. ಕಣ್ಣೊಳಗೆ ಗಾಳಿಯ ಗುಳ್ಳೆ ತುಂಬಿದ್ದರು. ಪದರ ಮತ್ತೆ ಅಂಟಿಕೊಳ್ಳಬೇಕಾದರೆ ಹಲವು ದಿನ ಮುಖ ಕೆಳಗೆ ಮಾಡಿಯೇ ಮಲಗಿರಬೇಕು, ತಲೆ ಎತ್ತುವ ಹಾಗಿಲ್ಲ. ಮುಖದ ಜಾಗದಲ್ಲಿ ತೂತಿರುವ ಮಂಚ. ಕೆಳಗೆ ಒಂದು ಚೌಕ ನೆಲ. ಎಡಗಣ್ಣಿಗೆ ಕಾಣುವುದು ಅಷ್ಟೇ. ಬಲಗಣ್ಣಿಗೆ ಪಟ್ಟಿ.

ಆ ಪಟ್ಟಿಯ ಹಿಂದೆ ಏನಿದೆಯೋ, ಏನಿಲ್ಲವೋ... ಅದನ್ನು ಯೋಚಿಸದಿರಲು ನೆಲದ ಮೇಲೆಯೇ ಕಣ್ಣು ನೆಟ್ಟಳು. ಬಂದವರ ಚಪ್ಪಲಿಗಳನ್ನು ನೋಡಿ ಜನರನ್ನು ಗುರುತಿಸುವುದನ್ನು ಕಲಿತಳು. ಅಕ್ಕನ ಚಪ್ಪಲಿ, ದಾದಿಯ ಬಿಳಿ ಬೂಟು...

ಮೂರನೆಯ ಸಂಜೆ ಗುರುತಿಲ್ಲದ ಒಂದು ಜೊತೆ ಬೂಟು ಬಾಗಿಲಲ್ಲಿ ನಿಂತಿತು. ಬಹಳ ಹೊತ್ತು ಒಳಗೆ ಬರಲಿಲ್ಲ.

"ಯಾರು?"

"ನಾನು."

ತಲೆ ಎತ್ತಲು ಹೋದಳು.

"ಅಯ್ಯೋ, ಎತ್ತಬೇಡಿ! ನಾನೇ ಬರ್ತೀನಿ."

ಬೂಟುಗಳು ಹತ್ತಿರ ಬಂದವು. ಮೊಣಕಾಲು ನೆಲಕ್ಕೆ ಊರಿತು. ಆಮೇಲೆ ಅವನು ಅಂಗಾತ ಮಲಗಿ, ಮಂಚದ ಅಡಿಗೆ ಮೆಲ್ಲಗೆ ಜಾರಿಕೊಂಡು ಬಂದ. ಅವಳ ಚೌಕ ನೆಲದ ತುಂಬ ಅವನ ಮುಖ! ಕೆದರಿದ ಕೂದಲು, ನಿದ್ದೆಗೆಟ್ಟ ಕಣ್ಣುಗಳು.

ಅವಳ ಕಣ್ಣೀರಿನ ಹನಿಯೊಂದು ಸೀದಾ ಅವನ ಕೆನ್ನೆಯ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ.

"ಅಕ್ಕ ಎಲ್ಲಾ ಹೇಳಿದ್ಲು," ಅಂದಳು. "ಯಾಕೆ ನನ್ನ ಕೈಲಿ ಬಯ್ಯಿಸಿಕೊಂಡ್ರಿ?"

"ಬಯ್ಯಿಸಿಕೊಳ್ಳೋ ತಪ್ಪು ಮಾಡಿದ್ದೀನಿ. ಕಾಯಿರಿ ಅಂದಿದ್ದು ನಾನೇ ಅಲ್ವಾ? ಮೊದಲ ದಿನವೇ ಬೇರೆ ಕ್ಯಾಮೆರಾ ನಿಮ್ಮ ಕೈಗೆ ಕೊಟ್ಟಿದ್ರೆ... ನಿಜ ಹೇಳ್ತೀನಿ. ಆ ಮಾಡೆಲ್ ಚೆನ್ನಾಗಿದೆ ಅನ್ನೋದು ಸುಳ್ಳಲ್ಲ. ಆದ್ರೆ ನೀವು ಕೊಂಡ್ಕೊಂಡು ಹೊರಟುಹೋದ್ರೆ ಮತ್ತೆ ಬರಲ್ವಲ್ಲ ಅನ್ನೋ ಅಳುಕೂ ಇತ್ತು."

"ನಾನೂ ಕಲೆ ಕಡಿಮೆ ಆಗ್ತಿದೆ ಅಂತ ಸುಳ್ಳು ಹೇಳಿದೆ. ಬರೋಕೊಂದು ನೆಪ ಬೇಕಿತ್ತಲ್ಲ. ಅದಕ್ಕೆ."

ಹೊರಗೆ ಯಾರದೋ ಗಾಲಿಮಂಚ ಕಿರುಗುಟ್ಟುತ್ತ ಹಾದುಹೋಯಿತು.

"ಆ ಮಾಡೆಲ್ ಮಾರಾಟಕ್ಕೆ ಬಂದಿದೆ," ಅಂದ ಅವನು. "ಒಂದನ್ನ ನಿಮಗೆ ಅಂತ ಎತ್ತಿಡಲಾ?"

"ಬೇಡ. ಹಳೇದು ಸರಿಯಾಗೇ ಇತ್ತು ಪಾಪ. ಅದನ್ನ ಮೊದಲು ಎಡಗಣ್ಣಿಗೆ ಪಳಗಿಸಬೇಕು." ಒಂದು ಕ್ಷಣ ತಡೆದು ಕೇಳಿದಳು, "ಈ ಕಣ್ಣು ವಾಪಸ್ ಬರದೇ ಹೋದ್ರೆ?"

"ಗೊತ್ತಿಲ್ಲ. ಹೆದರಿಕೆ ಆಗುತ್ತೆ, ನಂಗೂ. ಪಟ್ಟಿ ಬಿಚ್ಚೋ ದಿನ ಇಲ್ಲೇ ಇರ್ತೀನಿ. ಏನು ಕಂಡ್ರೂ, ಏನೂ ಕಾಣದಿದ್ರೂ, ಆಮೇಲೂ ಇರ್ತೀನಿ. ನೀವು ನಂಗೆ ಬೇಕು. ನಿಮ್ಮನ್ನ ತುಂಬಾ ಇಷ್ಟಪಡ್ತೀನಿ."

ಅವಳು ಮಂಚದ ತೂತಿನ ಪಕ್ಕದಿಂದ ಕೈ ಇಳಿಬಿಟ್ಟಳು. ಬೆರಳುಗಳು ಅವನ ಹಣೆ ಮುಟ್ಟಿದವು, ರೆಪ್ಪೆ ಮುಟ್ಟಿದವು. ಅವನು ಕಣ್ಣು ಮುಚ್ಚಿಕೊಂಡ.

"ನೆಲ ಎಷ್ಟು ತಣ್ಣಗಿದೆ! ಏಳು, ನೆಗಡಿ ಆಗುತ್ತೆ ನಿಂಗೆ."

ಅವನ ಕಣ್ಣುಗಳು ಫಕ್ಕನೆ ತೆರೆದವು.

"ಈಗ ಏನಂದ್ರಿ?"

"ಏಳು ಅಂದೆ."

"ಇನ್ನೊಂದ್ಸಲ ಹೇಳಿ."

"ಏಳೋ..."

ಅವನು ಏಳಲಿಲ್ಲ.