ಹೋಗಲಿ ಬಿಡಿ

ಮೊದಲ ದಿನವೇ ಅವಳು ಅವನನ್ನು ಬಲೆಗೆ ಬೀಳಿಸಿಕೊಂಡಳು. ಇದು ಅಲಂಕಾರದ ಮಾತಲ್ಲ. ನಿಜವಾದ ಬಲೆ, ಅವಳೇ ನಾಲ್ಕು ವರ್ಷ ಕೂತು ಮಾಡಿದ್ದು, ಚಾವಣಿಯಿಂದ ದೊಪ್ಪನೆ ಬಂದು ಅವನ ಮೇಲೆ ಬಿತ್ತು.

ಭಯೋತ್ಪಾದಕರನ್ನು ಕೊಲ್ಲದೆ ಜೀವಂತ ಹಿಡಿಯುವ ಆಯುಧವೊಂದನ್ನು ಸೇನೆಯ ಪ್ರಯೋಗದ ಶೆಡ್ಡಿನಲ್ಲಿ ಅವಳು ತಯಾರು ಮಾಡಿದ್ದಳು. ಊಟದ ತಟ್ಟೆಯಷ್ಟು ಅಗಲದ ಆರು ಡ್ರೋನ್‌ಗಳು. ಸದ್ದಿಲ್ಲದೆ ಹಾರಿ ಹೋಗಿ, ಎಂಟೆಂಟು ಕಾಲೂರಿ ಚಾವಣಿಗೆ ಅಂಟಿಕೊಂಡು ಕೂರುತ್ತಿದ್ದವು. ಎಲ್ಲರ ಬಾಯಲ್ಲೂ ಅವಕ್ಕೆ ಜೇಡ ಅಂತಲೇ ಹೆಸರು. ಅಪ್ಪಣೆಯ ಮಾತು ಕೇಳಿಸಿದರೆ ಸಾಕು, ಆರೂ ಸೇರಿ ಬಲೆ ಬಿಡುತ್ತಿದ್ದವು. ಗಾಳಿ ತಾಗಿದ ಅರ್ಧ ಸೆಕೆಂಡಿಗೆ ಅದರ ಎಳೆ ಗಟ್ಟಿಯಾಗಿ, ಒಳಗಿರುವವನ ಬೆರಳೂ ಅಲುಗದಂತೆ ಹಿಡಿದುಬಿಡುತ್ತಿತ್ತು. ಬೆರಳು ಬಂದೂಕಿನ ಮೇಲಿದ್ದರೂ ಅಷ್ಟೇ, ಬಾಂಬಿನ ಗುಂಡಿಯ ಮೇಲಿದ್ದರೂ ಅಷ್ಟೇ.

ಅಪ್ಪಣೆಯ ಮಾತು ಚಿಕ್ಕದಾಗಿ ಚೊಕ್ಕದಾಗಿ ಇರಲಿ ಅಂತ ಅವಳು 'ಬಿಡು' ಅಂತ ಇಟ್ಟಿದ್ದಳು. ಬಿಡು ಅಂದರೂ ಆಯಿತು, ಬಿಡಿ ಅಂದರೂ ಆಯಿತು. ಶೆಡ್ಡಿನಲ್ಲಿ ಒಬ್ಬಳೇ ಕೂತು ಕೆಲಸ ಮಾಡುವವಳಿಗೆ, ನಾಲ್ಕು ಜನ ಸೇರಿದ ಕಡೆ ಎರಡು ಮಾತಿಗೊಂದು 'ಬಿಡಿ' ಬರುತ್ತದೆ ಎನ್ನುವುದು ಮರೆತೇ ಹೋಗಿತ್ತು.

ಆಯುಧವನ್ನು ಪರೀಕ್ಷೆ ಮಾಡಲು ಬಂದ ಕ್ಯಾಪ್ಟನ್ ಇಪ್ಪತ್ತು ನಿಮಿಷ ತಡವಾಗಿ ಬಂದ. ಎತ್ತರದ ಆಳು, ಬಿಸಿಲಿಗೆ ಕಂದಿದ ಮುಖ, ಬೈಸಿಕೊಳ್ಳಲು ತಯಾರಾಗಿಯೇ ಬಂದವನ ಹಾಗೆ ಕಣ್ಣಂಚಲ್ಲಿ ನಗು.

"ಗೇಟಲ್ಲಿ ಪಾಸ್ ಕೇಳಿ ನಿಲ್ಲಿಸ್ಕೊಂಡ್ರು ಮೇಡಂ."

"ನನ್ನ ಜೇಡಗಳು ಇಪ್ಪತ್ತು ನಿಮಿಷದಿಂದ ಕಾಯ್ತಿವೆ. ಅವಕ್ಕೆ ಬ್ಯಾಟರಿ ಖರ್ಚಾಗುತ್ತೆ, ನನಗೆ ತಾಳ್ಮೆ."

ಅವನು ಮೂಗಲ್ಲೇ ಸಣ್ಣಗೆ ನಕ್ಕು, "ಹೋಗಲಿ ಬಿಡಿ" ಅಂದ.

ದೊಪ್.

ಬಲೆಯೊಳಗೆ ಅವನ ಕಣ್ಣು, ತುಟಿ ಬಿಟ್ಟು ಬೇರೇನೂ ಆಡುತ್ತಿರಲಿಲ್ಲ. ಅವಳು ಸ್ಪ್ರೇ ಬಾಟಲಿ ಹಿಡಿದು ಪಕ್ಕದಲ್ಲಿ ಮಂಡಿಯೂರಿ ಕೂತಳು. ಆ ದ್ರಾವಣ ಬಿದ್ದ ಕಡೆ ಎಳೆ ಮೆತ್ತಗಾಗುತ್ತಿತ್ತು. ಒಂದೊಂದೇ ಎಳೆ ಬಿಡಿಸಬೇಕು, ಅವಸರ ಮಾಡಿದರೆ ಚರ್ಮ ಕಿತ್ತುಬರುತ್ತದೆ.

"ಎಷ್ಟು ಹೊತ್ತಾಗುತ್ತೆ?" ಅಂದ.

"ಇಪ್ಪತ್ತು ನಿಮಿಷ."

"ನಾನು ತಡ ಮಾಡಿದ್ದೂ ಅಷ್ಟೇ. ಅಲ್ಲಿಗೆ ಸರಿಹೋಯ್ತು. ಹೋಗಲಿ ಬಿ—"

ಅವಳು ಅಂಗೈಯಲ್ಲಿ ಅವನ ಬಾಯಿ ಮುಚ್ಚಿದಳು. "ಮೇಲೆ ಇನ್ನೊಂದು ಬಲೆ ಇದೆ. ಈ ಸಲ ನಾನೂ ಒಳಗಿರ್ತೀನಿ."

ಅಂಗೈಯ ಮೇಲೆ ಎರಡು ಕಣ್ಣು ನಗುತ್ತಿದ್ದವು. ಅವಳು ಕೈ ತೆಗೆಯುವುದನ್ನು ಸ್ವಲ್ಪ ಹೊತ್ತು ಮರೆತಳು. ಮರೆತದ್ದು ನೆನಪಾದಾಗ ಕಿವಿ ಬಿಸಿಯಾಯಿತು.

ಸುದ್ದಿ ಕರ್ನಲ್‌ಗೆ ಮುಟ್ಟಿತು. ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗುವ ಮನುಷ್ಯ. ಶೆಡ್ಡಿನ ಎಲ್ಲರನ್ನೂ ಮನೆ ಮಕ್ಕಳಂತೆ ಗದರಿಸಿಕೊಂಡೇ ಕೆಲಸ ತೆಗೆಯುತ್ತಿದ್ದರು. "ಜನ ಮಾತಿಗೆ ಮುಂಚೆ ಆಡೋ ಪದ ಇಟ್ಟಿದ್ದೀಯಲ್ಲಮ್ಮ. ಯಾರೂ ಸುಮ್ಮಸುಮ್ಮನೆ ಆಡದ ಪದ ಇಡು."

"ಕುಂಬಳಕಾಯಿ ಅಂತ ಇಡಿ ಸಾರ್," ಅಂದ ಹಿಂದೆ ನಿಂತಿದ್ದ ಸಿಪಾಯಿಯೊಬ್ಬ. ಎಲ್ಲರೂ ನಕ್ಕರು. ನಗುನಗುತ್ತಲೇ ಅದೇ ಪದ ಖಾಯಂ ಆಯಿತು. ಅಂದಿನಿಂದ ಕ್ಯಾಪ್ಟನ್‌ಗೆ ತಂಡದಲ್ಲಿ ಕುಂಬಳಕಾಯಿ ಕಳ್ಳ ಅಂತ ಹೆಸರು ಬಿತ್ತು.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಯಂತ್ರಕ್ಕೂ ಸಲ್ಲುತ್ತದೆ. ಹೊಸ ಪದ ಕಲಿತ ಮೇಲೂ ಜೇಡಗಳು ಕ್ಯಾಪ್ಟನ್ 'ಬಿಡಿ' ಅಂದರೆ ಕಾಲು ಕೆದರುತ್ತಿದ್ದವು. ಮರೆಸಬೇಕಾದರೆ ಒಂದೇ ದಾರಿ. ಅವನ ದನಿಯಲ್ಲಿ ಆ ಮಾತನ್ನು ನೂರಾರು ಸಲ ಕೇಳಿಸಿ, ಪ್ರತಿ ಸಲವೂ 'ಇದಕ್ಕಲ್ಲ' ಅಂತ ಪಾಠ ಹೇಳಬೇಕು. ಹಾಗಾಗಿ ದಿನಾ ಬೆಳಗ್ಗೆ ಅರ್ಧ ಗಂಟೆ, ಗಾಜಿನ ಕೋಣೆಯಲ್ಲಿ ಮೈಕ್ ಮುಂದೆ ಅವನು, ಎದುರು ಹೆಡ್‌ಫೋನ್ ಹಾಕಿಕೊಂಡು ಅವಳು.

"ಬೇಜಾರಲ್ಲಿ ಹೇಳಿ."

"ಹೋಗಲಿ ಬಿಡಿ."

"ಯಾರಿಗೋ ಸಮಾಧಾನ ಮಾಡೋ ಹಾಗೆ."

"ಇರಲಿ ಬಿಡಿ. ಎಲ್ಲಾ ಸರಿಹೋಗುತ್ತೆ." ಅವಳ ಮುಖವನ್ನೇ ನೋಡಿಕೊಂಡು ಅಂದ.

"ಇನ್ನೊಂದ್ಸಲ ಹೇಳಿ. ರೆಕಾರ್ಡ್ ಸರಿಯಾಗಿ ಆಗಿಲ್ಲ."

ರೆಕಾರ್ಡ್ ಸರಿಯಾಗಿಯೇ ಆಗಿತ್ತು. ಯಂತ್ರಕ್ಕೆ ಮುನ್ನೂರು ಸಲ ಸಾಕಿತ್ತು, ಅವಳು ಒಂಬೈನೂರು ಸಲ ಹೇಳಿಸಿದಳು. ಮುನ್ನೂರು ಆದ ದಿನ ನಿಲ್ಲಿಸಬೇಕೆಂದುಕೊಂಡಳು, ನಿಲ್ಲಿಸಿದರೆ ನಾಳೆ ಅವನು ಬರುವುದಿಲ್ಲ ಅನ್ನಿಸಿತು, ನಿಲ್ಲಿಸಲಿಲ್ಲ. ಅಷ್ಟು ಕೇಳಿ ಕೇಳಿ ಅವನ ದನಿ ಅವಳಿಗೆ ಬಾಯಿಪಾಠವಾಗಿತ್ತು. ಸುಮ್ಮನೆ 'ಹೋಗಲಿ ಬಿಡಿ' ಅನ್ನುವಾಗ ಮೊದಲು ಮೂಗಲ್ಲೊಂದು ಸಣ್ಣ ನಗು ಬರುತ್ತಿತ್ತು, ಕೊನೆಯ ಅಕ್ಷರ ಎಳೆಯುತ್ತಿತ್ತು. ತನ್ನ ಹುಡುಗರಿಗೆ ಹಗ್ಗ 'ಬಿಡಿ' ಅಂತ ಅಪ್ಪಣೆ ಕೊಡುವಾಗ ನಗುವೂ ಇಲ್ಲ, ಎಳೆತವೂ ಇಲ್ಲ.

ಒಂದು ಬೆಳಗ್ಗೆ ಮನೆಯಲ್ಲಿ ಟೀ ಕಪ್ಪು ಕೈಜಾರಿ ಒಡೆಯಿತು. "ಹೋಗಲಿ ಬಿಡಿ ಅತ್ತಿಗೆ," ಅಂದಳು.

ಅತ್ತಿಗೆ ಪೊರಕೆ ಹಿಡಿದು ಅಲ್ಲೇ ನಿಂತರು. "ಒಡೆದಿದ್ದು ನೀನು, ಬಿಡಬೇಕಾದವಳು ನಾನು. ಇದು ಯಾರ ಮಾತು ನಿನ್ನ ಬಾಯಲ್ಲಿ?"

"ಯಾರದೂ ಅಲ್ಲ."

"ಅವರಿಗೆ ಮದುವೆ ಆಗಿದ್ಯಾ ಅಂತ ಕೇಳಿದ್ದೀಯಾ?"

"ಆಗಿಲ್ಲ," ಅಂದವಳು ನಾಲಿಗೆ ಕಚ್ಚಿಕೊಂಡಳು. ಅತ್ತಿಗೆ ಗುಡಿಸುತ್ತಾ ನಕ್ಕಿದ್ದು ಬೀದಿಗೆ ಕೇಳಿಸುವಂತಿತ್ತು.

ಪರೀಕ್ಷೆಯ ಕೊನೆಯ ದಿನ ಶುಕ್ರವಾರ. ಶನಿವಾರ ಅವನು ತನ್ನ ತುಕಡಿಗೆ ವಾಪಸ್ ಹೋಗಬೇಕು. ಗುರುವಾರ ಸಂಜೆ ಅವಳು ಮನಸ್ಸು ಗಟ್ಟಿ ಮಾಡಿಕೊಂಡು, ನಾಳೆ ಹೇಳಿಯೇ ಬಿಡುತ್ತೇನೆ ಅಂದುಕೊಂಡಳು. ಹೇಳಬೇಕಾದ ಮಾತನ್ನು ನಾಲ್ಕು ಥರ ಬರೆದು ನಾಲ್ಕನ್ನೂ ಹರಿದಳು.

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಸೈರನ್ ಕೂಗಿತು. ನಗರಕ್ಕೆಲ್ಲ ನೀರು ಶುದ್ಧ ಮಾಡಿ ಕಳಿಸುವ ಕೇಂದ್ರಕ್ಕೆ ನಾಲ್ಕು ಜನ ಭಯೋತ್ಪಾದಕರು ನುಗ್ಗಿದ್ದರು. ಹನ್ನೊಂದು ಜನ ಕೆಲಸಗಾರರನ್ನು ಯಂತ್ರಕೋಣೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ನಾಯಕನ ಕೈಯಲ್ಲಿ ಬಾಂಬಿನ ಗುಂಡಿ. ಮಾತುಕತೆಗೆ ನಿರಾಯುಧನಾದ ಒಬ್ಬ ಬರಬಹುದು ಅಂದಿದ್ದ.

ಆ ಒಬ್ಬ ಯಾರೆಂದು ಅವಳು ಕೇಳಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಕ್ಯಾಪ್ಟನ್‌ನ ಅಂಗಿಯ ಗುಂಡಿಗೆ ಮೈಕ್ ಸಿಕ್ಕಿಸಿದಳು.

"ಜೇಡಗಳು ಗಾಳಿ ಕೊಳವೆಯಿಂದ ಒಳಗೆ ಹೋಗ್ತವೆ," ಅಂದಳು. "ನಾಲ್ಕೂ ಜನ ಬಲೆ ಅಳತೆಗೆ ಬಂದಾಗ ಹೇಳಿ. ಮುಂಚೆ ಹೇಳಿದ್ರೆ ಒಬ್ಬ ಹೊರಗೆ ಉಳ್ಕೋತಾನೆ."

"ಕುಂಬಳಕಾಯಿ. ಗೊತ್ತು."

"ಇವತ್ತು ನಿಮ್ಮ ಹತ್ರ ಒಂದು ಮಾತು ಹೇಳೋದಿತ್ತು."

ಅವನು ಅವಳ ಮುಖ ನೋಡಿದ. "ಬಂದ್ಮೇಲೆ ಕೇಳ್ತೀನಿ. ಮರೀಬೇಡಿ."

ಕೇಂದ್ರದ ಹೊರಗೆ ನಿಲ್ಲಿಸಿದ ವ್ಯಾನಿನಲ್ಲಿ ಅವಳ ಮುಂದೆ ಪರದೆ, ಕಿವಿಗೆ ಹೆಡ್‌ಫೋನ್, ಬೆರಳ ಕೆಳಗೆ ಒಂದು ಕೆಂಪು ಗುಂಡಿ. ಜೇಡ ಕೈಕೊಟ್ಟರೆ ಅದನ್ನು ಒತ್ತಿ ಬಲೆ ಬಿಡಬಹುದಿತ್ತು, ಆದರೆ ಕ್ಯಾಪ್ಟನ್ ಪದ ಹೇಳದೆ ಒತ್ತಕೂಡದು ಅಂತ ಕಟ್ಟಪ್ಪಣೆ. ಜೇಡಗಳ ಕ್ಯಾಮೆರಾದಲ್ಲಿ ಮೂವರು ಮಾತ್ರ ಕಾಣುತ್ತಿದ್ದರು. ನಾಲ್ಕನೆಯವನು ದೊಡ್ಡ ಪಂಪಿನ ಮರೆಯಲ್ಲಿದ್ದ. ಅವನೆಲ್ಲಿದ್ದಾನೆ ಅನ್ನುವುದು ಒಳಗೆ ನಿಂತ ಕ್ಯಾಪ್ಟನ್‌ಗೆ ಮಾತ್ರ ಗೊತ್ತು.

"ಕೇಳಿದ್ದಕ್ಕಷ್ಟೇ ಉತ್ತರ," ನಾಯಕನ ದನಿ ಕೇಳಿಸಿತು. "ಸಂಬಂಧ ಇಲ್ಲದ ಒಂದು ಮಾತು ಬಂದ್ರೂ ಈ ಗುಂಡಿ ಒತ್ತೋದೇ."

ಬಾಂಬು ಹಿಡಿದವನ ಎದುರು ನಿಂತು ಕುಂಬಳಕಾಯಿ ಅಂದರೆ ಎಂಥ ಪೆದ್ದನಿಗೂ ಅನುಮಾನ ಬರುತ್ತದೆ. ಯಾರೂ ಆಡದ ಪದ ಅಂತ ಹುಡುಕಿ ಇಟ್ಟದ್ದೇ ಈಗ ಉರುಳಾಗಿತ್ತು.

"ಆ ವಯಸ್ಸಾದವರಿಗೆ ಉಸಿರಾಟದ ತೊಂದರೆ ಇದೆ," ಕ್ಯಾಪ್ಟನ್ ಹೇಳುತ್ತಿದ್ದ. "ಅವರೊಬ್ಬರನ್ನ ಹೊರಗೆ ಕಳಿಸಿ."

"ಆಗಲ್ಲ."

"ನೀರಾದ್ರೂ ಕೊಡಿ."

ಪಂಪಿನ ಕಡೆಯಿಂದ ಹೆಜ್ಜೆ ಸದ್ದು. ಯಾರೋ ನಡೆದರು, ನಿಂತರು. ಪರದೆಯಲ್ಲಿ ಈಗಲೂ ಮೂವರೇ.

"ಅದೂ ಆಗಲ್ಲ," ಅಂದ ನಾಯಕ.

"ಹೋಗಲಿ, ಬಿಡಿ."

ಜೇಡಗಳು ಅಲುಗಲಿಲ್ಲ. ಒಂಬೈನೂರು ಸಲ ಪಾಠ ಹೇಳಿ ಆ ಮಾತನ್ನು ಮರೆಸಿದವಳು ಅವಳೇ.

ಹಿಂದೆ ನಿಂತ ಕರ್ನಲ್ ನಿಟ್ಟುಸಿರಿಟ್ಟರು. "ಕೈಚೆಲ್ಲಿದ ಹುಡುಗ."

ಅವಳು ಕೇಳಿಸಿಕೊಳ್ಳಲಿಲ್ಲ. ಮೂಗಲ್ಲಿ ನಗು ಬರಲಿಲ್ಲ. ಕೊನೆಯ ಅಕ್ಷರ ಎಳೆಯಲಿಲ್ಲ. ಇದು ಸೋತವನ ಮಾತಲ್ಲ, ಅಪ್ಪಣೆ. ಅಪ್ಪಣೆ ಕೊಟ್ಟದ್ದು ಯಂತ್ರಕ್ಕೂ ಅಲ್ಲ, ತನಗೆ. ತಪ್ಪಾದರೆ ಹನ್ನೆರಡು ಜೀವ ಹೋಗುತ್ತದೆ, ಅದರಲ್ಲಿ ಒಂದಿಲ್ಲದೆ ತನ್ನ ಜೀವವೂ ಇದ್ದೂ ಇಲ್ಲದಂತೆ. ಅಷ್ಟು ಯೋಚನೆಗೂ ಹೊತ್ತಿರಲಿಲ್ಲ. ಅವಳು ಗುಂಡಿ ಒತ್ತಿದಳು.

ಪರದೆ ಬೆಳ್ಳಗಾಯಿತು. ಹೆಡ್‌ಫೋನಿನಲ್ಲಿ ಏನೂ ಇಲ್ಲ. ಆಮೇಲೆ ಒಬ್ಬ ಮುದುಕರ ಕೆಮ್ಮು, ಯಾರೋ ಅಳುವುದು, ಯಾರೋ ಅಳುತ್ತಲೇ ನಗುವುದು.

"ನಾಲ್ಕೂ ಜನ ಸಿಕ್ಕಿದ್ದಾರೆ," ಅಂದಿತು ಆ ಬಾಯಿಪಾಠವಾದ ದನಿ. "ನನ್ನನ್ನೂ ಸೇರಿಸಿದ್ರೆ ಐದು."

ಕರ್ನಲ್ ಧಡಾರನೆ ಕುರ್ಚಿಯಲ್ಲಿ ಕೂತರು. "ನಿನಗೆ ಹೇಗಮ್ಮ ಗೊತ್ತಾಯ್ತು?"

"ಅವರು ಸುಮ್ನೆ 'ಬಿಡಿ' ಅನ್ನೋವಾಗ ಮೊದಲು ನಗ್ತಾರೆ ಸಾರ್."

ಕರ್ನಲ್ ಅವಳನ್ನು ನೋಡಿದರು. "ಮುನ್ನೂರು ಸಲ ಸಾಕಾಗಿತ್ತಲ್ಲ, ಒಂಬೈನೂರು ಯಾಕೆ ಅಂತ ತಿಂಗಳಿಂದ ಕೇಳಬೇಕು ಅಂದ್ಕೊಂಡಿದ್ದೆ. ಇನ್ನು ಕೇಳಲ್ಲ. ಹೋಗು, ನಿನ್ನ ಬಾಟಲಿ ತಗೊಂಡು ಹೋಗು."

ಬಾಂಬು ತೆಗೆಯುವವರು ತಮ್ಮ ಕೆಲಸ ಮುಗಿಸಿ ತಲೆಯಾಡಿಸಿದ ಮೇಲೆ ಅವಳನ್ನು ಒಳಗೆ ಬಿಟ್ಟರು. ಹನ್ನೊಂದು ಜನವೂ ಹೊರಗೆ ಹೋಗಿದ್ದರು. ಆ ನಾಲ್ವರನ್ನು ಬಲೆಸಮೇತ ಮೂಟೆಯಂತೆ ಹೊತ್ತೊಯ್ಯುತ್ತಿದ್ದರು. ಪಂಪಿನ ಪಕ್ಕ ಬಿಸಿಲು ಬಿದ್ದ ನೆಲದ ಮೇಲೆ ಅವನೊಬ್ಬ ಉಳಿದಿದ್ದ. ಕಣ್ಣು ಮತ್ತು ತುಟಿ ಮಾತ್ರ ಆಡುತ್ತಿದ್ದವು.

ಅವಳು ಪಕ್ಕದಲ್ಲಿ ಮಂಡಿಯೂರಿದಳು. ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ನಾನು ಒತ್ತದೆ ಇದ್ದಿದ್ರೆ ಏನ್ ಮಾಡ್ತಿದ್ರಿ?"

"ಒತ್ತೇ ಒತ್ತುತ್ತೀರಿ ಅಂತ ಗೊತ್ತಿತ್ತು."

"ಹೇಗೆ?"

"ನಿಮ್ಮ ಯಂತ್ರದ ಕೈಪಿಡಿ ಮೊದಲ ವಾರವೇ ಓದಿದ್ದೆ. ನಾಲ್ಕನೇ ಪುಟದಲ್ಲಿ ಬರೆದಿದೆ, ಮುನ್ನೂರು ಸಲ ಸಾಕು ಅಂತ." ಅವನ ಕಣ್ಣಂಚು ಸುಕ್ಕಾಯಿತು. "ಉಳಿದ ಆರುನೂರು ಸಲ ಯಂತ್ರ ಕೇಳ್ತಿಲ್ಲ, ನೀವು ಕೇಳ್ತಿದ್ದೀರಿ ಅಂತ ಗೊತ್ತಿದ್ದೇ ಹೇಳ್ತಿದ್ದೆ."

ಅವಳ ಕಿವಿ ಮೊದಲ ದಿನದಂತೆಯೇ ಬಿಸಿಯಾಯಿತು. ಹಣೆಯ ಮೇಲಿನ ಎಳೆಗೆ ಸ್ಪ್ರೇ ಹೊಡೆದಳು, ಬಿಡಿಸಿದಳು. ಕೆನ್ನೆ, ಭುಜ, ತೋಳು. ಹೊರಗೆ ಅವನ ಹುಡುಗರು ಬೇಕಂತಲೇ ಕೇಳಿಸುವ ಹಾಗೆ, "ಕುಂಬಳಕಾಯಿ ಕಳ್ಳ ಯಾರೋ?" ಅಂತ ಕೂಗುತ್ತಿದ್ದರು. ಆಗಷ್ಟೇ ಬಿಡುಗಡೆಯಾದ ಕೈಯನ್ನು ಎತ್ತಿ ಅವನು ಗಂಭೀರವಾಗಿ ತನ್ನ ಹೆಗಲು ಮುಟ್ಟಿ ನೋಡಿಕೊಂಡ. ಅವಳು ತಡೆಯಲಾರದೆ ನಕ್ಕಳು.

"ಏನೋ ಹೇಳೋದಿತ್ತು ಅಂದ್ರಿ," ಅಂದ.

"ನಾಲ್ಕು ಥರ ಬರೆದು ಹರಿದು ಹಾಕಿದ್ದೀನಿ. ನಾಳೆ ನೀವು ಹೋಗಬಾರದು. ಹೋಗಲೇಬೇಕು ಅಂದ್ರೆ ವಾಪಸ್ ಬರ್ಬೇಕು. ನನ್ನ ಹತ್ರ. ರೆಕಾರ್ಡಿಂಗ್‌ಗಲ್ಲ."

ಉಳಿದದ್ದು ಎಡಗೈಯ ಮೇಲಿನ ಕೊನೆಯ ಎಳೆ. ಆ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಅವಳು ಬಹಳ ನಿಧಾನವಾಗಿ ಬಿಡಿಸಿದಳು. ಇಪ್ಪತ್ತು ನಿಮಿಷದ ಕೆಲಸಕ್ಕೆ ನಲವತ್ತು ನಿಮಿಷ ಹಿಡಿದಿತ್ತು. ಎಳೆ ಕಳಚಿತು. ಇನ್ನು ಹಿಡಿದಿರಲು ನೆಪವಿಲ್ಲ ಅಂತ ಅವಳು ಕೈ ಹಿಂದೆಗೆದುಕೊಳ್ಳಲು ಹೋದಳು.

"ಬಿಡಬೇಡಿ," ಅಂದ ಅವನು.

ಒಂಬೈನೂರು ಸಲದಲ್ಲಿ ಒಮ್ಮೆಯೂ ಹೇಳದ ಮಾತು. ಮೂಗಲ್ಲಿ ನಗು ಇರಲಿಲ್ಲ, ಕೊನೆಯಲ್ಲಿ ಎಳೆತವೂ ಇರಲಿಲ್ಲ.

ಅವನ ಅಂಗಿಯ ಗುಂಡಿಯಲ್ಲಿ ಮೈಕ್ ಇನ್ನೂ ಇದೆ, ಕರ್ನಲ್‌ರಿಂದ ಹಿಡಿದು ವ್ಯಾನಿನಲ್ಲಿದ್ದವರೆಲ್ಲ ಕೇಳುತ್ತಿದ್ದಾರೆ ಅನ್ನುವುದು ಅವಳಿಗೆ ಗೊತ್ತಿತ್ತು. ಕೇಳಿಕೊಳ್ಳಲಿ ಅಂದುಕೊಂಡಳು. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಬಾಗಿದಳು.

"ಇನ್ನೊಂದ್ಸಲ ಹೇಳಿ," ಅಂದಳು. "ರೆಕಾರ್ಡ್ ಸರಿಯಾಗಿ ಆಗಿಲ್ಲ."

ಅವನು ಇನ್ನೊಂದು ಸಲ ಹೇಳಿದ.