ಕೂಡದ ಆನೆಯ ತಲೆ

೧೯೬೩ರಲ್ಲಿ ನಮ್ಮ ಯಜಮಾನರು ಮದ್ರಾಸಿನ ಎಗ್ಮೋರಿನ ಮನೆಯಲ್ಲಿ ಪ್ಲಾಸ್ಟಿಕ್ ಆಟಿಕೆ ಮಾಡಿಕೊಡುತ್ತಿದ್ದರು. ದಪ್ಪ ತುಂಡುಗಳು ಬರೀ ಅಂಟಿಗೆ ನಿಲ್ಲುವುದಿಲ್ಲ, ನಡುವೆ ಹಿತ್ತಾಳೆ ಕಡ್ಡಿ ಕೂರಿಸಬೇಕು. ಒಮ್ಮೆ ಅವರು ಅದನ್ನು ಮರೆತರು. ಮಗು ಕೂತು ಆಡುವಷ್ಟು ದೊಡ್ಡ ಆನೆಯ ತಲೆ ಕಳಚಿ ಬಿದ್ದು ಗಿರಾಕಿಯ ಮಗುವಿನ ಕಾಲ್ಬೆರಳು ಜಜ್ಜಿತು. ತಪ್ಪನ್ನು ಜೊತೆಗಾರ ಕೊಟ್ರಪ್ಪನ ಮೇಲೆ ಹೊರಿಸಿದರು. ಆತ ಕೊರಗಿ ಸತ್ತ.

ಆಮೇಲೆ, ಗಿರಾಕಿ ವಾಪಸು ಕೊಟ್ಟ ಆ ಆನೆಗೆ ಎಷ್ಟು ಸಲ ಕಡ್ಡಿ ಹಾಕಿ ಕೂಡಿಸಿದರೂ ತಲೆ ಮಧ್ಯಾಹ್ನಕ್ಕೆ ನೆಲದ ಮೇಲಿರುತ್ತಿತ್ತು, ಮೇ ತಿಂಗಳ ಕತ್ತರಿ ಬಿಸಿಲಿನಲ್ಲೂ ಮಂಜುಗಡ್ಡೆಯಷ್ಟು ತಣ್ಣಗೆ.

"ಕೊಟ್ರಪ್ಪನ ಹೆಂಡತಿಗೆ ನಿಜ ಹೇಳಿಬಿಡಿ ಮಾರಾಯ್ರೆ, ನಮ್ಮ ಮಗು ಆ ಆನೆಯ ಹತ್ತಿರವೇ ಆಡ್ತದೆ," ಎಂದೆ.

"ಸತ್ತವನಿಗೆ ಕಿವಿ ಉಂಟಾ?" ಎಂದು ನಕ್ಕು, ಅಂಟು ಹಚ್ಚಿ ತಲೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದರು.

ಕೈ ಬಿಡಿಸಲಾಗಲಿಲ್ಲ. ಡಾಕ್ಟರು ಪ್ಲಾಸ್ಟಿಕ್ಕನ್ನು ಕೊಯ್ದು ತೆಗೆದರು. ಗಾಯ ಒಂದೂ ಇರಲಿಲ್ಲ. ಬೆರಳುಗಳು ಮಾತ್ರ ಇಂದಿಗೂ ಬಿಚ್ಚಿಲ್ಲ. ಮೊಮ್ಮಗುವಿಗೆ ಉಣಿಸಿದ ಮೇಲೆ ಅವರಿಗೂ ನಾನೇ ತುತ್ತಿಡುತ್ತೇನೆ.