ಬಣ್ಣದ ಕೆಳಗಿನ ಹೆಸರು

ಸೋಮವಾರ ಬೆಳಿಗ್ಗೆ ವಕೀಲ ಮನೋಹರ್ ಹೊಸಪೇಟೆಯ ಠಾಣೆಗೆ ಬಂದು ದೂರು ಕೊಟ್ಟರು. ಅವರ ತಂದೆ ಅಂದಾನಪ್ಪ ವಕೀಲಿ ಆರಂಭಿಸಿದ ಹಳೇ ಕೋಣೆಯಿಂದ ಮರದ ನಾಮಫಲಕ ಕಳುವಾಗಿತ್ತು. ಬರುವ ಶುಕ್ರವಾರ ಅದು ಸಿಂಗಪುರದ ಹೊಸ ಕಚೇರಿಗೆ ಹೊರಡಬೇಕಿತ್ತು. ಎಫ್‌ಐಆರ್ ದಾಖಲಿಸುವಾಗ ಇನ್‌ಸ್ಪೆಕ್ಟರ್ ಗಂಗೋತ್ರಿಗೆ ಒಳಗೊಳಗೇ ನಗು ಬಂತು. ಹಳೇ ಹಲಗೆ ಕದಿಯುವ ಪುಣ್ಯಾತ್ಮ ಯಾರಪ್ಪ!

ಹೋಗಿ ನೋಡಿದರೆ ಕೋಣೆಯ ಬೀಗ ಒಡೆದಿರಲಿಲ್ಲ. ಹೊಸ್ತಿಲ ಬಳಿ ಒಡೆದ ತೆಂಗಿನಕಾಯಿ, ಗೋಡೆಯ ಬುಡದಲ್ಲಿ ಕರ್ಪೂರದ ಮಸಿ.

"ಕಳ್ಳ ಪೂಜಿ ಮಾಡಿ ಒಯ್ದಾನ್ರಿ ಮೇಡಂ," ಎಂದ ಕಾನ್‌ಸ್ಟೇಬಲ್ ರೇವಣಸಿದ್ದ.

ಗಂಗೋತ್ರಿ ಮನೋಹರ್ ಕಡೆ ತಿರುಗಿದಳು. "ಆಯುಧ ಪೂಜಿಗೆ ಈ ಬೋರ್ಡಿಗೆ ಕಾಯಿ ಯಾರು ಒಡೀತಿದ್ರು?"

"ಮೊದ್ಲು ಯಲ್ಲಕ್ಕ. ಎರ್ರಿಯಪ್ಪನೋರ ಹೆಂಡ್ತಿ."

"ಎರ್ರಿಯಪ್ಪ ಯಾರು?"

"ಅಪ್ಪನ ಪಾರ್ಟ್ನರು. ಇಬ್ರೂ ಕೂಡೇ ವಕೀಲಿ ಶುರು ಮಾಡಿದ್ರು."

ಕೇಳುತ್ತಾ ಹೋದಂತೆ ಕತೆ ಬಿಚ್ಚಿಕೊಂಡಿತು. ಸಂಡೂರಿನ ಅದಿರು ಹಡಗು ಹತ್ತಿದಾಗ ಅದರ ವ್ಯಾಜ್ಯಗಳೂ ಕಡಲು ದಾಟಿದವು. ಗಣಿಗಳ ಕೇಸು ಹುಡುಕಿ ತಂದವರು ಎರ್ರಿಯಪ್ಪ, ವಾದಿಸಿದವರು ಅಂದಾನಪ್ಪ. ದುಬೈ ಕಚೇರಿ ತೆರೆದ ವರ್ಷ ಎರ್ರಿಯಪ್ಪ ತೀರಿಕೊಂಡರು. ಹೊರದೇಶದವರಿಗೆ ಒಂದೇ ಹೆಸರು ಸಲೀಸೆಂದು ಫಲಕದಲ್ಲಿ ಕೆಳಗಿದ್ದ ಎರ್ರಿಯಪ್ಪನವರ ಹೆಸರಿನ ಮೇಲೆ ಕಪ್ಪು ಬಣ್ಣ ಬಳಿದರು.

"ಯಲ್ಲಕ್ಕ ಏನೂ ಅನ್ನಲಿಲ್ಲೇನ್ರಿ?"

"ಹೋದ ವಾರ ಬಂದಿದ್ರು, ಬಣ್ಣ ತೆಗಿಸ್ರಿ ಅಂತ. ಆಗಲ್ಲ ಅಂದೆ."

ಮಧ್ಯಾಹ್ನ ಪೊಲೀಸರು ಯಲ್ಲಕ್ಕನ ಊರು ಎಮ್ಮಿಗನೂರಿಗೆ ಹೋದಾಗ ಅವಳು ಅಂಗಳದಲ್ಲೇ ಕೂತಿದ್ದಳು. ಕೈ ಕಪ್ಪಾಗಿತ್ತು. ಗೋಣಿಚೀಲದ ಮೇಲೆ ಫಲಕವಿತ್ತು.

"ನಾನ ಒಯ್ದೀನವ್ವ. ನಮ್ಮನಿಯವ್ರ ಕೀಲಿ ಇತ್ತು."

"ಯಾಕಮ್ಮ?"

"ಅವ್ರ ಹೆಸರೂ ಸಿಂಗಪುರಕ್ಕ ಹೋಗ್ಲಿ ಅಂತ. ಬಣ್ಣ ತೆಗದು ವಾಪಸ್ ಇಡಾಕಿದ್ದೆ. ಸೀಮೆಎಣ್ಣಿ ಹಚ್ಚಿ ತಿಕ್ಕಿದೆ. ಕರೇ ಬಣ್ಣದ ಜೋಡಿ ಅವ್ರ ಹೆಸರೂ ಕಿತ್ತು ಬಂದ್ಬಿಡ್ತವ್ವ."

ಫಲಕದ ಮೇಲೆ ಅಂದಾನಪ್ಪ ಎಂಬ ಅಕ್ಷರಗಳು ಹಾಗೇ ಇದ್ದವು. ಅದರ ಕೆಳಗೆ ಬರಿಯ ಮರ. ಇಷ್ಟು ವರ್ಷ ಕಪ್ಪು ಬಣ್ಣ ಕಾಪಾಡಿಕೊಂಡು ಬಂದಿದ್ದ ಹೆಸರನ್ನು ಹೆಂಡತಿಯೇ ಕೈಯಾರೆ ಅಳಿಸಿದ್ದಳು. ಪಂಚನಾಮೆ ಆಯಿತು, ಪಂಚರು ಸಹಿ ಹಾಕಿದರು.

ಠಾಣೆಯಲ್ಲಿ ದಸ್ತಗಿರಿಯ ಕಾಗದ ಬರೆಯುವಾಗ ಯಲ್ಲಕ್ಕ ಬಗ್ಗಿ ನೋಡಿದಳು. ಅವಳಿಗೆ ಓದು ಬಾರದು.

"ಗಂಡನ ಹೆಸರು ಬರದೇನವ್ವ?"

"ಬರದೀನಮ್ಮ. ಎರ್ರಿಯಪ್ಪ ಅಂತ."

"ವಕೀಲ್ರು ಅಂತನೂ ಬರಿ."

ಗಂಗೋತ್ರಿ ಬರೆದಳು.

"ಇದನ್ನ ಯಾರೂ ಅಳಸಂಗಿಲ್ಲ, ಹೌದಿಲ್ಲೋ?"

"ಇಲ್ಲಮ್ಮ. ಸರ್ಕಾರಿ ಕಾಗದ ಇದು."

ತನ್ನ ಮೇಲಿನ ಕೇಸು ಏನೆಂದೂ ಕೇಳದೆ ಯಲ್ಲಕ್ಕ ಹೆಬ್ಬೆಟ್ಟು ಒತ್ತಿದಳು.